ಕಾರ್ತಿಕದ ಗೊರಟೆಗೆ ಶಿವರಾತ್ರಿಯ ಕತ್ತರಿ

ದೀಪಾವಳಿ ಕಳೆಯುತ್ತಿದ್ದಂತೆ ಮಲ್ಲಿಗೆ ಚಳಿಗೆ ಸೊರಗುತ್ತದೆ, ಪೇಟೆಯಲ್ಲಿ ಅದರ ದರ ಏರುತ್ತದೆ. ಅದೇ ಹೊತ್ತಿಗೆ ಕಾರವಾರದಿಂದ ಹೊನ್ನಾವರದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಳಗಳಲ್ಲೂ ಗೊರಟೆ ಅರಳಲು ತೊಡಗುತ್ತದೆ. ಪರಿಮಳ ಇಲ್ಲದಿದ್ದರೇನು, ತುಳಸಿ ಪೂಜೆಗೆ, ಕಾರ್ತಿಕದ ದೀಪೋತ್ಸವಕ್ಕೆ, ಧನುರ್ಮಾಸದ ಬೆಳಗಿನ ಪೂಜೆಗೆ, ಮುಡಿಗೆ, ಆ ಎರಡು ಮೂರು ತಿಂಗಳು ಹೂವಿನ ಕೊರತೆ ನೀಗಿಸುವುದು ಇದೇ ಗಿಡ.

ಗೊರಟೆಗೆ ಆರೈಕೆಯೇ ಬೇಡ ಎನ್ನುವ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಬದುಕಿ ಉಳಿಯುವುದಕ್ಕೆ ಬೇಡ, ನಿಜ. ಆದರೆ ಗಿಡ ಬದುಕುವುದು ಬೇರೆ, ಬುಡದಿಂದ ತುದಿಯವರೆಗೆ ಹೂ ಕಟ್ಟುವುದು ಬೇರೆ. ತುದಿಯಲ್ಲಿ ನಾಲ್ಕು ಹೂ, ಕೆಳಗೆ ಬರಿಯ ಕಡ್ಡಿ ಎಂಬಂತೆ ನಿಂತ ಗೊರಟೆಗಳೇ ಹೆಚ್ಚು ಕಾಣುವುದು. ಹೆಚ್ಚಿನ ಕಡೆ ಕಾರಣ ಒಂದೇ: ಎಲ್ಲ ಕೆಲಸವನ್ನೂ ಮಳೆಗಾಲದ ಲೆಕ್ಕದಲ್ಲಿ ಮಾಡುತ್ತೇವೆ. ಗೊರಟೆ ಕಾರ್ತಿಕದ ಗಿಡ. ಜಾಗ, ಕತ್ತರಿ, ಗೊಬ್ಬರ ಮೂರನ್ನೂ ಕಾರ್ತಿಕದಿಂದ ಹಿಂದಕ್ಕೆ ಎಣಿಸಿ ನಿರ್ಧರಿಸಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ಇರುವವು ಎರಡು ಜಾತಿ. ಬಿಳಿ, ನೇರಳೆ, ನಸುಗೆಂಪು ಮತ್ತು ಬಿಳಿಯ ಮೇಲೆ ನೇರಳೆ ಪಟ್ಟೆಯ ಹೂವುಗಳು ಬಾರ್ಲೇರಿಯಾ ಕ್ರಿಸ್ಟಾಟಾ. ಇದರ ಕಾಂಡಕ್ಕೆ ಮುಳ್ಳಿಲ್ಲ, ಆದರೆ ಹೂವಿನ ಬುಡದ ಪುಷ್ಪಪಾತ್ರೆಯ ಅಂಚು ಚುಚ್ಚುತ್ತದೆ. ಹಳದಿ ಹೂವಿನ ಮುಳ್ಳುಗೊರಟೆ ಬಾರ್ಲೇರಿಯಾ ಪ್ರಯೊನೈಟಿಸ್. ಎಲೆಯ ಬುಡದಲ್ಲಿ ಮೂರು ನಾಲ್ಕು ಸೂಜಿಮುಳ್ಳುಗಳಿರುವುದರಿಂದ ದನ ಇದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ, ಹಿತ್ತಲ ಬೇಲಿಗೆ ಇದೇ ಸರಿ. ಎರಡಕ್ಕೂ ಈ ಹೆಸರಿಟ್ಟವನು ಲಿನೇಯಸ್, 1753ರಲ್ಲಿ. ಅಬ್ಬಲಿಗೆ (ಕನಕಾಂಬರ), ಆಡುಸೋಗೆ ಇವುಗಳದೇ ಕುಟುಂಬ. ಬುಡ ಕಟ್ಟಿಗೆಯಾಗಿ ಗಟ್ಟಿಯಾಗುತ್ತದೆ, ಮೇಲಿನ ಚಿಗುರು ಮೆದುವಾಗಿಯೇ ಇರುತ್ತದೆ. ಆ ವರ್ಷ ಹೊಸದಾಗಿ ಬಂದ ಚಿಗುರಿನಲ್ಲಿ ಮಾತ್ರ ಹೂ. ಈ ಒಂದು ಗುಣ ಗೊತ್ತಿದ್ದರೆ ಕತ್ತರಿಯ ವಿಷಯ ಅರ್ಧ ತಿಳಿದ ಹಾಗೆ.

ಮೊದಲು ಜಾಗ. ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವ ತಿಂಗಳ ಬಿಸಿಲು ಎಂದು ಯಾರೂ ಹೇಳುವುದಿಲ್ಲ, ತಪ್ಪುವುದು ಅಲ್ಲೇ. ಗಿಡ ನೆಡುವುದು ಮೇ ಜೂನ್‌ನಲ್ಲಿ. ಆಗ ನಮ್ಮ ಜಿಲ್ಲೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ, ಜೂನ್ ಕೊನೆಗೆ ನೆತ್ತಿಯಿಂದ ಸುಮಾರು ಎಂಟೂವರೆ ಡಿಗ್ರಿ ಉತ್ತರಕ್ಕೆ ಇರುತ್ತಾನೆ. ಮನೆಯ ಉತ್ತರದ ಗೋಡೆಯ ಬುಡವೂ ಆಗ ಬಿಸಿಲಲ್ಲೇ ಕಾಣುತ್ತದೆ. ಹೂ ಬರುವ ನವೆಂಬರ್ ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಕಾರವಾರದಲ್ಲಿ ಡಿಸೆಂಬರ್ ಕೊನೆಯ ವಾರದ ನಡುಮಧ್ಯಾಹ್ನ ಅವನ ಎತ್ತರ ಸುಮಾರು 52 ಡಿಗ್ರಿ ಅಷ್ಟೇ. ಮೂರು ಮೀಟರ್ ಎತ್ತರದ ಗೋಡೆಯ ನೆರಳು ಆಗ ಉತ್ತರಕ್ಕೆ ಎರಡೂಕಾಲು ಮೀಟರಿಗೂ ಹೆಚ್ಚು ಚಾಚುತ್ತದೆ. ಹತ್ತು ಮೀಟರಿನ ಹಲಸಿನ ಮರ ಎಂಟು ಮೀಟರಿನ ಹತ್ತಿರ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಹೀಗಾಗಿ ಮೇ ತಿಂಗಳಲ್ಲಿ ಬಿಸಿಲು ಕಂಡು ಆರಿಸಿದ ಜಾಗ ಕಾರ್ತಿಕದಲ್ಲಿ ಪೂರ್ತಿ ನೆರಳಾಗಬಹುದು. ಮನೆಯ ಉತ್ತರಕ್ಕೆ ನೆಡಲೇಬೇಕೆಂದರೆ ಗೋಡೆಯ ಎತ್ತರದಷ್ಟು ದೂರ ಬಿಟ್ಟು ನೆಡಿ. ಇಲ್ಲವಾದರೆ ದಕ್ಷಿಣ, ಪೂರ್ವ ತೆರೆದಿರುವ ಅಂಗಳದ ಅಂಚು, ಗೇಟಿನ ಎರಡು ಬದಿ, ಗದ್ದೆ ಕಡೆಗೆ ತೆರೆದ ಧರೆಯ (ಕಡಿದಾದ ಮಣ್ಣಿನ ದಂಡೆಯ) ಮೇಲ್ತುದಿ ಒಳ್ಳೆಯದು. ಅಡಿಕೆ ತೋಟದ ಒಳಗೆ ನೆಟ್ಟರೆ ಗಿಡ ಬೆಳಕು ಹುಡುಕಿ ಒಂದಾಳೆತ್ತರ ಹೋಗುತ್ತದೆ, ಹೂ ಮಾತ್ರ ಕೈಗೆ ಸಿಗದ ತುದಿಯಲ್ಲಿ. ಅಲ್ಲಿ ಅಬ್ಬಲಿಗೆ ನೆಡಿ, ಅದು ಅರೆನೆರಳನ್ನು ತಾಳಿಕೊಳ್ಳುತ್ತದೆ.

ಇನ್ನು ನೆಲ. ಗೊರಟೆಗೆ ಬಡ ಮಣ್ಣು ಅಡ್ಡಿಯಲ್ಲ, ನಿಂತ ನೀರು ಅಡ್ಡಿ. ಚಿರೆಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಒಂದಡಿ ಹೊಂಡ ತೋಡಿ, ಒಳ್ಳೆಯ ಮಣ್ಣು ಗೊಬ್ಬರ ತುಂಬಿ ನೆಡುವುದು ಎಲ್ಲರ ಪದ್ಧತಿ. ಸುತ್ತ ಗಟ್ಟಿ ಕಲ್ಲು, ಒಳಗೆ ಸಡಿಲ ಮಣ್ಣು. ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಇಳಿದು ಬಂದು ಆ ಹೊಂಡ ಬಚ್ಚಲಿನ ಬಾನಿಯಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಿನಲ್ಲಿ ಇದಕ್ಕಿಂತ ದೊಡ್ಡ ಅಪಾಯ ಈ ಗಿಡಕ್ಕಿಲ್ಲ. ಹೊಂಡ ತೋಡಿದ ದಿನವೇ ಎರಡು ಕೊಡಪಾನ ನೀರು ಸುರಿದು ನೋಡಿ. ಮರುದಿನ ಬೆಳಿಗ್ಗೆಯೂ ತಳದಲ್ಲಿ ನೀರಿದ್ದರೆ ಹಾರೆಯಿಂದ ಒಂದು ಬದಿಯ ಕಲ್ಲು ಒಡೆದು ಇಳಿಜಾರಿನ ಕಡೆ ನೀರಿಗೆ ದಾರಿ ಮಾಡಿ. ಅದು ಆಗದ ಜಾಗವಾದರೆ ಹೊಂಡವೇ ಬೇಡ. ನೆಲದ ಮೇಲೆ ಒಂದಡಿ ಎತ್ತರ, ಎರಡಡಿ ಅಗಲದ ಏರಿ ಹಾಕಿ ಅದರ ಮೇಲೆ ನೆಡಿ. ಏರಿ ಮಳೆಗೆ ಕರಗದಂತೆ ಅಂಚಿಗೆ ಒಡಕು ಚಿರೆಕಲ್ಲನ್ನೋ ತೆಂಗಿನ ಸಿಪ್ಪೆಯನ್ನೋ ಇಟ್ಟರಾಯಿತು.

ಹೊಂಡ ತೋಡುವುದಾದರೆ ಒಂದೂವರೆ ಅಡಿ ಉದ್ದ ಅಗಲ ಆಳ. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಹೊಳೆ ಮರಳು, ಒಂದು ಪಾಲು ಕಳೆತು ಪುಡಿಯಾದ ಕೊಟ್ಟಿಗೆ ಗೊಬ್ಬರ. ಕಡಲ ತೀರದ ಉಸುಕಿನ ನೆಲದಲ್ಲಿ ಕಥೆ ಉಲ್ಟಾ: ನೀರು ನಿಲ್ಲುವುದಿಲ್ಲ, ಸಾರವೂ ನಿಲ್ಲುವುದಿಲ್ಲ. ಅಲ್ಲಿ ಮರಳು ಬಿಟ್ಟು ಕೆಂಪು ಮಣ್ಣು ಮತ್ತು ಗೊಬ್ಬರ ಸಮಪಾಲು ಹಾಕಿ, ಹೊಂಡದ ತಳಕ್ಕೆ ತೆಂಗಿನ ನಾರಿನ ಪದರ ಕೊಡಿ. ಸಮುದ್ರದ ಮರಳನ್ನು ತೊಳೆಯದೆ ಬಳಸಬಾರದು, ಉಪ್ಪಿಗೆ ಎಳೆಬೇರು ಸುಡುತ್ತದೆ.

ನಮ್ಮ ಕೆಂಪು ಚಿರೆಮಣ್ಣು ಹುಳಿ. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶ ತೊಳೆದುಹೋಗುವುದು ಸಹಜ. ಗಿಡವೊಂದಕ್ಕೆ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಐವತ್ತು ಗ್ರಾಂ ಕೃಷಿ ಸುಣ್ಣ ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಉದುರಿಸಿ ಮಣ್ಣಿಗೆ ಬೆರೆಸಿ. ಚಿಪ್ಪಿನ ಸುಣ್ಣ ಸಿಗುವವರು ಅರಳಿಸಿ ಪುಡಿ ಮಾಡಿದ್ದನ್ನು ಇದರ ಅರ್ಧದಷ್ಟು ಬಳಸಿದರೆ ಸಾಕು, ಅದು ಖಾರ. ಸುಣ್ಣ ಮತ್ತು ಸಗಣಿ ಗೊಬ್ಬರ ಒಟ್ಟಿಗೆ ಹಾಕಬೇಡಿ. ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಮೂರು ವಾರ ಇರಲಿ.

ಸಸಿಯನ್ನು ದುಡ್ಡು ಕೊಟ್ಟು ತರುವ ಅಗತ್ಯವಿಲ್ಲ. ಶಿವರಾತ್ರಿಯ ಆಸುಪಾಸಿಗೆ ಅಕ್ಕಪಕ್ಕದ ಮನೆಯವರು ಗೊರಟೆ ಸವರಿ ಬೀಸಾಡುವ ಕಡ್ಡಿಗಳೇ ಸಾಕು. ಹಸಿರು ಕಳೆದು ಕಂದಾಗತೊಡಗಿದ, ಪೆನ್ಸಿಲ್‌ನಷ್ಟು ದಪ್ಪದ ಕಡ್ಡಿ ಆರಿಸಿ. ತೀರ ಎಳೆಯದು ಕೊಳೆಯುತ್ತದೆ, ತೀರ ಬಲಿತದ್ದು ಬೇರು ಬಿಡಲು ತಡಮಾಡುತ್ತದೆ. ಉದ್ದ ಹದಿನೈದು ಸೆಂಟಿಮೀಟರ್, ಮೂರು ನಾಲ್ಕು ಗೆಣ್ಣು. ಕೆಳಗಿನ ಕತ್ತರಿ ಗೆಣ್ಣಿನ ಸ್ವಲ್ಪ ಕೆಳಗೆ ಬೀಳಬೇಕು. ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆದು, ಮೇಲೆ ಒಂದು ಜೊತೆ ಎಲೆ ಬಿಟ್ಟು, ಹೂವಿನ ತೆನೆ ಉಳಿದಿದ್ದರೆ ಚಿವುಟಿ ಹಾಕಿ. ಎರಡು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎರಡು ಗೆಣ್ಣು ಹೂತುಹೋಗುವಂತೆ ಊರಿ, ಬೆರಳಿಂದ ಬುಡ ಗಟ್ಟಿಯಾಗಿ ಒತ್ತಿ. ಸುತ್ತ ಗಾಳಿ ಉಳಿದರೆ ಬೇರು ಬರುವುದಿಲ್ಲ. ನೆರಳಲ್ಲಿಟ್ಟು ಮಣ್ಣು ತೇವ ಆರದಂತೆ ನೋಡಿಕೊಂಡರೆ ನಾಲ್ಕು ವಾರದ ಹೊತ್ತಿಗೆ ಬೇರು ಹಿಡಿಯುತ್ತದೆ. ಬೇರಿನ ಮೊದಲೇ ಚಿಗುರು ಬರುವುದುಂಟು, ಅದನ್ನು ನಂಬಿ ಕಿತ್ತು ನೋಡಬೇಡಿ. ಎರಡನೆಯ ಜೊತೆ ಹೊಸ ಎಲೆ ಬಿಡಿಸಿಕೊಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ತನ್ನಿ.

ಬೀಜದಿಂದಲೂ ಸಸಿ ಧಾರಾಳವಾಗಿ ಏಳುತ್ತದೆ. ಒಣಗಿದ ಕಾಯಿ ಚಟ್ಟನೆ ಸಿಡಿದು ಬೀಜ ದೂರ ಎಸೆಯುತ್ತದೆ, ಬೀಜದ ಮೇಲಿನ ರೋಮ ನೀರು ತಾಗಿದೊಡನೆ ಅಂಟಾಗಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಆದರೆ ಪಟ್ಟೆ ಹೂವಿನ ಬೀಜದಿಂದ ಪಟ್ಟೆಯೇ ಬರುತ್ತದೆಂಬ ಭರವಸೆ ಇಲ್ಲ. ಬಣ್ಣ ಮುಖ್ಯವಾದವರಿಗೆ ಕಡ್ಡಿಯೇ ದಾರಿ. ಕಡ್ಡಿ ತರುವ ಗಿಡಕ್ಕೆ ಹೂ ಇರುವಾಗಲೇ ಬಣ್ಣದ ಚಿಂದಿ ಕಟ್ಟಿ ಗುರುತು ಮಾಡಿಟ್ಟುಕೊಳ್ಳಿ. ಹೂ ಹೋದ ಮೇಲೆ ಬಿಳಿಯೂ ನೇರಳೆಯೂ ಒಂದೇ ಥರ ಕಾಣುತ್ತವೆ.

ಮೇ ನಡುವಿನಲ್ಲಿ ನೆಟ್ಟು, ಮಳೆ ಹಿಡಿಯುವವರೆಗೆ ದಿನಕ್ಕೆ ಎರಡು ತಂಬಿಗೆ ನೀರು ಕೊಡುವುದು ಉತ್ತಮ. ಜೂನ್ ಆರ್ಭಟಕ್ಕೆ ಮೊದಲು ಬೇರು ನೆಲ ಹಿಡಿದಿರಬೇಕು. ಮೃಗಶಿರ ಮಳೆಯಲ್ಲಿ ನೆಟ್ಟ ಸಸಿ ಅಲುಗಾಡುತ್ತಲೇ ಕೊಳೆಯುವುದು ಹೆಚ್ಚು. ಬಿಡಿ ಗಿಡಕ್ಕೆ ಮೂರಡಿ ಅಂತರ, ಸಾಲಾಗಿ ಬೇಲಿಯಂತೆ ಬೇಕಾದರೆ ಒಂದೂವರೆ ಅಡಿ. ಕೊಟ್ಟೆಯಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳ. ಬುಡಕ್ಕೆ ಮಣ್ಣು ಏರಿಸಿದರೆ ಕುತ್ತಿಗೆ ಕೊಳೆಯುತ್ತದೆ.

ಈಗ ಕತ್ತರಿ. ಗೊರಟೆಯ ಕೃಷಿಯಲ್ಲಿ ಕಲಿಯಬೇಕಾದದ್ದು ಬಹುಪಾಲು ಇಲ್ಲಿದೆ.

ಹೂ ಮುಗಿದು ತೆನೆಗಳು ಒಣಗಿ ಕಂದಾದ ಮೇಲೆ, ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ವಾರದೊಳಗೆ, ಇಡೀ ಗಿಡವನ್ನು ನೆಲದಿಂದ ಒಂದಡಿ ಬಿಟ್ಟು ಸವರಬೇಕು. ಪ್ರತಿ ಕೊಂಬೆಯಲ್ಲೂ ಎರಡು ಮೂರು ಜೀವಂತ ಗೆಣ್ಣು ಉಳಿದಿರಲಿ. ಉಗುರಿಂದ ತೊಗಟೆ ಕೆರೆದರೆ ಹಸಿರು ಕಾಣಬೇಕು. ಒಳಗೆ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡದಿಂದಲೇ ತೆಗೆಯಿರಿ. ಇಷ್ಟು ಕಡಿದರೆ ಸತ್ತೀತು ಎಂಬ ಅಂಜಿಕೆ ಬೇಡ. ಸವರಿದ ಮೇಲೆ ವಾರಕ್ಕೊಮ್ಮೆ ಗಿಡಕ್ಕೊಂದು ಬಿಂದಿಗೆ ನೀರು ಕೊಟ್ಟರೆ ಬುಡದಿಂದ ಹೊಸ ಚಿಗುರು ಏಳುತ್ತದೆ. ನೀರೇ ಇಲ್ಲದ ಹಿತ್ತಲಾದರೆ ಇಷ್ಟು ತಗ್ಗಿಗೆ ಸವರದೆ ಎರಡಡಿ ಬಿಡಿ. ಎರಡು ಮೂರು ವರ್ಷ ಕತ್ತರಿ ಕಾಣದ ಗಿಡದ ಬುಡ ದಪ್ಪ ಕಟ್ಟಿಗೆಯಾಗಿ ಅಲ್ಲಿಂದ ಚಿಗುರುವ ಶಕ್ತಿ ಕುಂದುತ್ತದೆ. ಅಂಥದ್ದನ್ನು ಒಂದೇ ವರ್ಷ ಪೂರ್ತಿ ಕಡಿಯದೆ ಈ ವರ್ಷ ಅರ್ಧ ಕೊಂಬೆ, ಮುಂದಿನ ವರ್ಷ ಉಳಿದರ್ಧ ಎಂದು ಸರಿಮಾಡಿಕೊಳ್ಳಬೇಕು.

ಚಿಗುರು ಒಂದು ಗೇಣು ಬಂದಾಗ ತುದಿ ಚಿವುಟಿ. ಎಲೆಗಳು ಎದುರುಬದುರಾಗಿ ಇರುವುದರಿಂದ ಒಂದು ಚಿವುಟಿಗೆ ಸಾಮಾನ್ಯವಾಗಿ ಎರಡು ಕವಲು ಒಡೆಯುತ್ತದೆ, ಒಂದಾದದ್ದು ಎರಡು, ಎರಡಾದದ್ದು ನಾಲ್ಕು. ಮೊದಲ ಚಿವುಟು ಮೇ ಕೊನೆಗೆ, ಎರಡನೆಯದು ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ (ಜುಲೈ ಮೊದಲ ವಾರ), ಕೊನೆಯದು ಆಶ್ಲೇಷ ಮಳೆಯಲ್ಲಿ, ಅಂದರೆ ಆಗಸ್ಟ್ ಮೊದಲ ಪಕ್ಷದೊಳಗೆ. ಘಟ್ಟದ ಮೇಲೆ ಇನ್ನೂ ಹದಿನೈದು ದಿನ ಮುಂಚೆ, ಪುಷ್ಯ ಮಳೆಯಲ್ಲೇ ಮುಗಿಸಿ. ಶಿರಸಿ ಕಡೆ ಮೋಡ ಸರಿದು ಬಿಸಿಲು ಕಾಣುವುದು ತಡ, ಚಿಗುರು ಬಲಿಯಲು ಹೆಚ್ಚು ದಿನ ಹಿಡಿಯುತ್ತದೆ. ಮಘೆ ಮಳೆ ಹುಟ್ಟಿದ ಮೇಲೆ, ಅಂದರೆ ಆಗಸ್ಟ್ ನಡುವಿನ ನಂತರ, ಕತ್ತರಿ ಮುಟ್ಟಲೇಬಾರದು. ಚೌತಿಗೆ ಅಂಗಳ ಚೊಕ್ಕ ಮಾಡುವ ಭರದಲ್ಲಿ ಗೊರಟೆಯನ್ನು ಚಂದಕ್ಕೆ ಕತ್ತರಿಸುವವರು ಬಹಳ. ಆ ಕತ್ತರಿಯ ಜೊತೆಗೆ ಕಾರ್ತಿಕದ ಹೂವೆಲ್ಲ ಹೋಗುತ್ತದೆ, ಏಕೆಂದರೆ ಮೊಗ್ಗು ಕಟ್ಟುವುದು ಅದೇ ತುದಿಯಲ್ಲಿ ಮತ್ತು ಅದರ ಕೆಳಗಿನ ಎಲೆಗಳ ಕಂಕುಳಲ್ಲಿ. ಹಬ್ಬಕ್ಕೆ ಅಂಗಳ ಚಂದ ಕಾಣಲೇಬೇಕೆಂದರೆ ಬುಡದ ಕಳೆ ತೆಗೆಯಿರಿ, ಬಾಗಿದ ಕೊಂಬೆಗೆ ಊರುಗೋಲು ಕೊಟ್ಟು ಕಟ್ಟಿ. ಗಿಡ ಮುಟ್ಟಬೇಡಿ.

ಮಳೆಗಾಲದಲ್ಲಿ ಮಾಡುವುದಕ್ಕಿಂತ ಮಾಡದಿರುವುದೇ ಹೆಚ್ಚು. ಅಡಿಕೆ ಮರಕ್ಕೆ ಸೊಪ್ಪು ಹೊದೆಸುವ ರೂಢಿಯಲ್ಲಿ ಗೊರಟೆಯ ಬುಡಕ್ಕೂ ಸೊಪ್ಪು, ದರಕು (ಉದುರಿದ ಒಣ ಎಲೆ) ಒತ್ತುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ವಿಷ. ಕಾಂಡದ ಸುತ್ತ ಒಂದು ಗೇಣು ನೆಲ ತೆರೆದಿರಲಿ. ಬಿಸಿ ಮತ್ತು ತೇವ ಸೇರಿದಾಗ ಬುಡಕೊಳೆ ರೋಗದ ಶಿಲೀಂಧ್ರ ಹಬ್ಬುತ್ತದೆ. ಗಿಡ ಇದ್ದಕ್ಕಿದ್ದಂತೆ ಬಾಡುತ್ತದೆ, ಬುಡದಲ್ಲಿ ಬಿಳಿ ನೂಲಿನ ಬಲೆ, ಅದರ ಮೇಲೆ ಸಾಸಿವೆ ಗಾತ್ರದ ಕಂದು ಗುಂಡುಗಳು. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಗಿಡವನ್ನು ಬೇರು ಸಮೇತ ಕಿತ್ತು ಸುಟ್ಟು, ಸುತ್ತಲಿನ ಅರ್ಧ ಅಡಿ ಮಣ್ಣು ತೆಗೆದು ದೂರ ಹಾಕಿ. ಪಕ್ಕದ ಗಿಡಗಳ ಬುಡಕ್ಕೆ ಕಳೆತ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕಿ. ಅಡಿಕೆ ಕೊಳೆಗೆಂದು ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ಶೇಕಡಾ ಒಂದರ ಬೋರ್ಡೋ ದ್ರಾವಣ ಉಳಿದರೆ ಗೊರಟೆ ಎಲೆಯ ಚುಕ್ಕೆ ರೋಗಕ್ಕೆ ಹೊಡೆಯಬಹುದು, ಆದರೆ ಬುಡಕೊಳೆಗೆ ಅದನ್ನು ನಂಬಿ ಕೂರಬೇಡಿ. ಟ್ರೈಕೋಡರ್ಮಾ ಹಾಕಿದ ಬುಡಕ್ಕಂತೂ ಬೋರ್ಡೋ ಬೀಳಬಾರದು, ಮೈಲುತುತ್ತದ ತಾಮ್ರಕ್ಕೆ ಆ ಉಪಕಾರಿ ಶಿಲೀಂಧ್ರವೂ ಸಾಯುತ್ತದೆ.

ಗೊಬ್ಬರ ವರ್ಷಕ್ಕೆ ಎರಡು ಸಲ. ಮೇಯಲ್ಲಿ ಬುಟ್ಟಿಯಷ್ಟು, ಅಂದರೆ ಎರಡು ಕಿಲೋ ಕಳೆತ ಕೊಟ್ಟಿಗೆ ಗೊಬ್ಬರ. ಸೆಪ್ಟೆಂಬರ್ ನಡುವಿನಲ್ಲಿ, ಉತ್ತರಾ ಮಳೆ ಬಿಡುವು ಕೊಟ್ಟಾಗ, ಒಂದು ಕಿಲೋ ಗೊಬ್ಬರಕ್ಕೆ ಎರಡು ಮುಷ್ಟಿ ಒಲೆಬೂದಿ ಸೇರಿಸಿ ಹಾಕಿ. ಜೂನ್ ಜುಲೈ ಮಳೆ ನೆಲದ ಪೊಟ್ಯಾಷ್ ತೊಳೆದು ಒಯ್ದಿರುತ್ತದೆ, ಮೊಗ್ಗಿಗೆ ಬೇಕಾಗುವುದು ಅದೇ. ಆಗಸ್ಟ್ ನಂತರ ಸಗಣಿ ಬಗ್ಗಡ, ಯೂರಿಯಾ ಮುಟ್ಟಿಸಬಾರದು. ಎಲೆ ಕಡುಹಸಿರಾಗಿ, ಗಿಡ ಸೊಂಪಾಗಿ ಬೆಳೆದು, ಹೂ ಮಾತ್ರ ಇಲ್ಲ ಎನ್ನುವ ದೂರಿಗೆ ಕಾರಣ ಹುಡುಕುವಾಗ ನೆರಳು ಒಂದು, ಇದು ಎರಡನೆಯದು. ಅಕ್ಟೋಬರ್ ಬಂದ ಮೇಲೆ ಬುಡಕ್ಕೆ ದರಕು ಹೊದೆಸಿ, ವಾರಕ್ಕೆ ಒಂದೆರಡು ಸಲ ನೀರು ಹಾಕಿ. ಹೂ ಕಾಲದಲ್ಲಿ ನೆಲ ಪೂರ್ತಿ ಒಣಗಿದರೆ ತೆನೆಯ ತುದಿಯ ಮೊಗ್ಗುಗಳು ಅರಳದೆ ಉದುರುತ್ತವೆ.

ಕೀಟಗಳಲ್ಲಿ ಬೇಸಿಗೆಯ ಬಿಳಿ ಹಿಟ್ಟುತಿಗಣೆಯದೇ ಕಾಟ. ಗೆಣ್ಣಿನ ಸಂದಿಯಲ್ಲಿ ಹತ್ತಿಯಂತೆ ಕೂತಿರುತ್ತದೆ, ಸುತ್ತ ಇರುವೆ ಓಡಾಡುತ್ತಿರುತ್ತದೆ. ಪೈಪಿನ ನೀರನ್ನು ರಭಸವಾಗಿ ಹೊಡೆದು ಉದುರಿಸಿ, ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ಐದು ಗ್ರಾಂ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಗಿಡ ಕುಗ್ಗುತ್ತ ಹೋಗಿ, ಕಿತ್ತರೆ ಬೇರಲ್ಲಿ ಗಂಟುಗಂಟು ಕಂಡರೆ ಅದು ಜಂತುಹುಳು. ಅಬ್ಬಲಿಗೆಗೆ ಇದರ ಬಾಧೆ ಬಹಳ, ಹಾಗಾಗಿ ಅಬ್ಬಲಿಗೆ ಸೊರಗಿ ಸತ್ತ ಮಡಿಯಲ್ಲಿ ಗೊರಟೆ ನೆಡಬಾರದು. ಒಂದು ವರ್ಷ ಅಲ್ಲಿ ಗೊಂಡೆ ಹೂ (ಚೆಂಡು ಹೂ) ಬೆಳೆಸಿ, ಆಮೇಲೆ ಹೊಂಡಕ್ಕೆ ಕಾಲು ಕಿಲೋ ಬೇವಿನ ಹಿಂಡಿ ಹಾಕಿ ನೆಡಿ.

ಎಲೆ ತಿನ್ನುವ, ಮೈತುಂಬ ಮುಳ್ಳಿನಂಥ ಕವಲು ಹೊತ್ತ ಕಪ್ಪು ಹುಳು ಕಂಡರೆ ದಯವಿಟ್ಟು ಔಷಧ ಹೊಡೆಯಬೇಡಿ. ಅದು ರೆಕ್ಕೆಯ ಮೇಲೆ ಕಣ್ಣಿನ ಚಿತ್ತಾರವಿರುವ ಕಂದು ಪಾತರಗಿತ್ತಿಯ ಮರಿ. ಲೆಮನ್ ಪ್ಯಾನ್ಸಿ ಎನ್ನುವ ಈ ಚಿಟ್ಟೆ ಮೊಟ್ಟೆ ಇಡುವ ಗಿಡಗಳಲ್ಲಿ ಗೊರಟೆಯೂ ಒಂದು. ತಿಂದ ಎಲೆ ಮತ್ತೆ ಚಿಗುರುತ್ತದೆ.

ಕಡಲಿಗೆ ಎದುರಾಗಿರುವ ಮನೆಗಳಲ್ಲಿ ಉಪ್ಪುಗಾಳಿಗೆ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ಕಂಪೌಂಡಿನ ಮರೆಯಲ್ಲಿ ನೆಟ್ಟು, ಮಳೆ ನಿಂತ ಮೇಲೆ ವಾರಕ್ಕೊಮ್ಮೆ ಎಲೆಗಳನ್ನು ಸಿಹಿನೀರಿಂದ ತೊಳೆದರೆ ತಡೆದುಕೊಳ್ಳುತ್ತದೆ. ಕಾರವಾರ ಪೇಟೆಯ ತಾರಸಿಗೆ ಹನ್ನೆರಡು ಇಂಚಿನ ಕುಂಡ ಸಾಕು. ಕೆಳಗೆ ಎರಡು ಇಟ್ಟಿಗೆ ಕೊಟ್ಟು ನೆಲದಿಂದ ಎತ್ತಿಡಿ, ತೂತು ಮುಚ್ಚಿಹೋಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಸವರಿದ ಸಮಯದಲ್ಲೇ ಮಣ್ಣು ಬದಲಿಸಿ.

ಕೊಯ್ಯುವುದಕ್ಕೂ ಕ್ರಮವಿದೆ. ನಾಳೆ ಅರಳುವ ಮೊಗ್ಗು ಸಂಜೆಗೇ ಗೊತ್ತಾಗುತ್ತದೆ: ಕೊಳವೆ ಉದ್ದವಾಗಿ ಬಣ್ಣ ತುಂಬಿರುತ್ತದೆ, ಬಾಯಿ ಮುಚ್ಚಿರುತ್ತದೆ. ಅದನ್ನು ತುದಿ ಹಿಡಿದು ಮೆಲ್ಲಗೆ ಎಳೆದರೆ ಹಸಿರು ಪುಷ್ಪಪಾತ್ರೆಯಿಂದ ಜಾರಿ ಬರುತ್ತದೆ. ತೆನೆಯನ್ನೇ ಮುರಿದರೆ ಮುಂದೆ ಅರಳಬೇಕಾದ ಹತ್ತಾರು ಮೊಗ್ಗು ಹೋಗುತ್ತವೆ. ಒಂದು ತೆನೆಯಲ್ಲಿ ಹೂ ಒಟ್ಟಿಗೆ ಬರುವುದಿಲ್ಲ, ಸರದಿಯಲ್ಲಿ ವಾರಗಟ್ಟಲೆ ಬರುತ್ತಿರುತ್ತದೆ. ಘಟ್ಟದ ಮೇಲೆ ಬೆಳಗಿನ ಇಬ್ಬನಿಯಲ್ಲಿ ನೆನೆದ ಹೂ ಕೊಯ್ದು ಕಟ್ಟಿದರೆ ದಂಡೆ ಮಧ್ಯಾಹ್ನದೊಳಗೆ ಕಂದುಗಟ್ಟುತ್ತದೆ. ಅಲ್ಲಿ ಸಂಜೆಯ ಕೊಯ್ಲೇ ಮೇಲು. ಮೊಗ್ಗನ್ನು ಒದ್ದೆ ಬಾಳೆಲೆಯಲ್ಲಿ ಸುತ್ತಿ ತಂಪಾದ ಕಡೆ ಇಟ್ಟು, ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ. ದಾರದಲ್ಲಿ ಬಿಗಿದರೆ ತೆಳ್ಳಗಿನ ಕೊಳವೆ ಕತ್ತರಿಸಿಹೋಗುತ್ತದೆ. ದಿನಾ ಕೊಯ್ಯುವ ಗಿಡದಲ್ಲಿ ಬೀಜ ಕಟ್ಟುವುದು ಕಡಿಮೆ, ಹಾಗಾಗಿ ಹೂ ಹೆಚ್ಚು ದಿನ ಬರುತ್ತದೆ.

ಸಂಕ್ರಾಂತಿ ಹೊತ್ತಿಗೆ ಮೊದಲು ಅರಳಿದ ತೆನೆಗಳು ಒಣಗಿರುತ್ತವೆ. ಅವನ್ನು ಮಾತ್ರ ಆರಿಸಿ ತೆಗೆದು ಚೀಲಕ್ಕೆ ಹಾಕಿ, ಗಿಡದ ಬುಡದಲ್ಲಿ ಬಿಡಬೇಡಿ. ಕಾಯಿ ಸಿಡಿದರೆ ಮುಂದಿನ ಮಳೆಗೆ ಅಂಗಳದ ತುಂಬ ಸಸಿ ಏಳುತ್ತದೆ. ಹಳದಿ ಮುಳ್ಳುಗೊರಟೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಅದು ಕಳೆಯಾಗಿ ಹಬ್ಬಿದೆ, ನಮ್ಮ ಹುಲ್ಲಿನ ಬೇಣಗಳ ಅಂಚಿನಲ್ಲೂ ಹಿಡಿತ ತಪ್ಪಿದರೆ ಮುಳ್ಳಿನ ಪೊದೆಯಾಗಿ ಕೂರುತ್ತದೆ. ಬೀಜ ಬೇಕಾದವರು ಕಾಯಿ ಕಂದಾಗುವ ಮೊದಲೇ ತೆನೆಗೆ ತೆಳು ಬಟ್ಟೆಯ ಚೀಲ ಕಟ್ಟಿ, ಸಿಡಿದ ಬೀಜವನ್ನು ಅದರಲ್ಲೇ ಹಿಡಿದುಕೊಳ್ಳಬಹುದು.